ಮನಸ್ಸಿನ ಕಾಯಿಲೆಗೆ ಕಾಲಿನ ಮದ್ದು

“ಬೆಳಿಗ್ಗೆ ಎದ್ದು ನಾಲ್ಕು ಸುತ್ತು ನಡೆಯಿರಿ, ಎಲ್ಲ ಸರಿಹೋಗುತ್ತದೆ” ಎನ್ನುವವರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಹಾಸಿಗೆ ಬಿಟ್ಟು ಏಳುವುದೇ ಆಗದವನಿಗೆ ಈ ಮಾತು ಹೇಳಿ ಏನು ಪ್ರಯೋಜನ?

ಕಳೆದ ವರ್ಷದ ಮಳೆಗಾಲದಲ್ಲಿ ನಾವೇ ಆ ಸ್ಥಿತಿಯಲ್ಲಿದ್ದೆವು. ರಾತ್ರಿ ನಿದ್ದೆಯಿಲ್ಲ, ಊಟ ರುಚಿಸದು. ಕಚೇರಿಯಲ್ಲಿ ಫೈಲು ಬಿಚ್ಚಿದರೆ ಒಂದೇ ಸಾಲನ್ನು ಹತ್ತು ಸಲ ಓದುವುದು. ಮೇಲಧಿಕಾರಿಗಳು ಸೋಮಾರಿತನವೆಂದರು, ಊರಿನಿಂದ ಬಂದ ಅತ್ತೆಯವರು ದೃಷ್ಟಿ ತಗಲಿದೆಯೆಂದರು. ವೈದ್ಯರು ಮಾತ್ರ ಇದು ಖಿನ್ನತೆಯೆಂಬ ಕಾಯಿಲೆಯೆಂದು ತಿಳಿಸಿ, ಮಾತ್ರೆ ಬರೆದುಕೊಟ್ಟು, ವ್ಯಾಯಾಮವೂ ಚಿಕಿತ್ಸೆಯ ಭಾಗವೇ ಎಂದರು.

ಇದು ಬರಿಯ ಸಮಾಧಾನದ ಮಾತಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು ಖಿನ್ನತೆಯಿಂದ ಬಳಲುತ್ತಿದ್ದ 156 ಮಂದಿಯನ್ನು ಮೂರು ಗುಂಪು ಮಾಡಿದರು. ಎಲ್ಲರೂ 50 ವರ್ಷ ಅಥವಾ ಅದಕ್ಕೆ ಮೇಲ್ಪಟ್ಟವರು. ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಸರ್ಟ್ರಲೀನ್ ಎಂಬ ಮಾತ್ರೆ, ಮೂರನೆಯದಕ್ಕೆ ಎರಡೂ. ವ್ಯಾಯಾಮವೆಂದರೆ ವಾರಕ್ಕೆ ಮೂರು ದಿನ, ಅರ್ಧ ಗಂಟೆ ಬಿರುಸಿನ ನಡಿಗೆ ಅಥವಾ ಸಣ್ಣ ಓಟ. 1999ರಲ್ಲಿ ಪ್ರಕಟವಾದ ವರದಿಯಂತೆ, ಮಾತ್ರೆಯ ಗುಣ ಮೊದಮೊದಲು ಬೇಗ ಕಂಡಿತು. ಆದರೆ 16 ವಾರಗಳ ಕೊನೆಗೆ ಮೂರು ಗುಂಪಿನವರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಚೇತರಿಸಿಕೊಂಡಿದ್ದರು. ನಮಗೆ ಮುಖ್ಯವಾಗಿ ಕಂಡದ್ದು ಬೇರೆ ಸಂಗತಿ: ಅವರು ಒಬ್ಬೊಬ್ಬರೇ ನಡೆಯಲಿಲ್ಲ, ಗುಂಪಾಗಿ, ಮೇಲ್ವಿಚಾರಕರ ಕಣ್ಣೆದುರು ನಡೆದರು.

ನಮಗೆ ಅಂಥ ಜೊತೆಯಾದವರು ಎದುರುಮನೆಯ ನಿವೃತ್ತ ಮೇಷ್ಟ್ರು. ದಿನವೂ ಐದೂವರೆಗೆ ಬಾಗಿಲು ತಟ್ಟಿ, “ಚಪ್ಪಲಿ ಮೆಟ್ಟಿಕೊಳ್ಳಿ, ಮಾತು ಆಮೇಲೆ” ಎನ್ನುವರು. ಮೊದಲ ದಿನ ವಠಾರದ ಗೇಟಿನವರೆಗೆ ಹೋಗಿ ಮರಳಿದೆವು. ಮರುದಿನ ಹಾಲಿನ ಬೂತಿನವರೆಗೆ. ವಾರ ಕಳೆದ ಮೇಲೆ ಮಾಟುಂಗದ ಫೈವ್ ಗಾರ್ಡನ್ಸ್ ಮುಟ್ಟಿದೆವು. ಮೂರನೆಯ ವಾರದಲ್ಲಿ ಒಂದು ರಾತ್ರಿ ಪೂರ್ತಿ ನಿದ್ದೆ ಬಂತು. ಬೆಳಿಗ್ಗೆ ನಮ್ಮ ಮನೆಯವರು ಕಣ್ಣೊರೆಸಿಕೊಂಡು ಕಾಫಿ ತಂದರು. ಪೂರ್ತಿ ಗುಣವಾಗಲು ತಿಂಗಳುಗಳೇ ಹಿಡಿದವು.

ಒಂದು ಎಚ್ಚರಿಕೆ: ನಡಿಗೆ ಹಿಡಿದೆವೆಂದು ಯಾರೂ ತಾವಾಗಿ ಮಾತ್ರೆ ಬಿಡಬಾರದು. ನಮಗೆ ಅದನ್ನು ಇಳಿಸಿದವರು ವೈದ್ಯರೇ. ಬದುಕೇ ಬೇಡವೆನಿಸಿದರೆ ಒಡನೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತ ನೆರವುಂಟು.

ವಾಚಕರೇ, ಸಂಘದ ಕೂಟಗಳಿಗೆ ಬರುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದವರು ನಿಮ್ಮ ನೆರೆಯಲ್ಲಿದ್ದಾರೆಯೇ? ಅವರಿಗೆ ಬುದ್ಧಿ ಹೇಳಬೇಡಿ. ನಾಳೆ ಬೆಳಿಗ್ಗೆ ಅವರ ಬಾಗಿಲು ತಟ್ಟಿ.