ಹೊಸ ಯೋಚನೆ ಹುಟ್ಟುವ ಬಗೆ

ಎಷ್ಟು ಹೆಣಗಿದರೂ ಬಗೆಹರಿಯದ ಲೆಕ್ಕವೊಂದು, ಪುಸ್ತಕ ಮುಚ್ಚಿಟ್ಟು ಸ್ನಾನಕ್ಕೆ ಹೋದಾಗ ಥಟ್ಟನೆ ಹೊಳೆಯುವುದುಂಟು. ಇದೇನು ಸೋಜಿಗ?

ಫ್ರಾನ್ಸಿನ ಗಣಿತಜ್ಞ ಹೆನ್ರಿ ಪ್ವಾಂಕಾರೆಯವರು 1908ರಲ್ಲಿ ಇಂತಹುದೇ ತಮ್ಮ ಅನುಭವವನ್ನು ವಿವರಿಸಿದರು. ಕಠಿಣವಾದ ಗಣಿತಸಮಸ್ಯೆಯೊಂದರೊಡನೆ ಬಹುದಿನ ಸೆಣಸಿದ ಅವರು, ಪ್ರವಾಸದಲ್ಲಿ ಅದನ್ನು ಮರೆತೇಬಿಟ್ಟಿದ್ದರು. ಕೂತಾಂಸ್ ಎಂಬ ಊರಿನಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟೊಡನೆ, ಆ ಸಮಸ್ಯೆಗೂ ಜ್ಯಾಮಿತಿಯ ಬೇರೊಂದು ಶಾಖೆಗೂ ಇರುವ ಸಂಬಂಧವು ಮಿಂಚಿನಂತೆ ಹೊಳೆಯಿತು. ಮರಳಿ ಬಂದ ಮೇಲೆ ಅದನ್ನು ಪರೀಕ್ಷಿಸಿ ದೃಢಪಡಿಸಿಕೊಂಡರು.

ನಾವು ಸುಮ್ಮನಿರುವಾಗಲೂ ಮೆದುಳು ಸುಮ್ಮನಿರುವುದಿಲ್ಲ. ಆಗಲೇ ಹೆಚ್ಚು ಚುರುಕಾಗುವ ಭಾಗಗಳು ಅದರಲ್ಲಿವೆಯೆಂಬುದನ್ನು ಅಮೆರಿಕದ ಮಾರ್ಕಸ್ ರೇಕಲ್ ಮತ್ತು ಅವರ ಸಂಗಡಿಗರು 2001ರಲ್ಲಿ ವಿವರಿಸಿದರು. ಈ ಭಾಗಗಳ ಜಾಲವು ನೆನಪು, ಕಲ್ಪನೆಗಳನ್ನು ಹೊಸ ಬಗೆಯಲ್ಲಿ ಹೆಣೆಯಲು ನೆರವಾಗುತ್ತದೆ. ಗಮನವನ್ನು ನಿಯಂತ್ರಿಸುವ ಇನ್ನೊಂದು ಜಾಲವು ಜಳ್ಳನ್ನು ತೂರಿ ಕಾಳನ್ನು ಉಳಿಸುತ್ತದೆ. ಹೊಸ ಯೋಚನೆಗೆ ಇವೆರಡರ ಸಹಕಾರವೂ ಬೇಕು.

ಆದರೆ ಬಿತ್ತದ ಹೊಲದಲ್ಲಿ ಬೆಳೆಯುಂಟೆ? ಪ್ವಾಂಕಾರೆಯವರ ಹೊಳಹಿನ ಹಿಂದೆ ಹಲವು ದಿನಗಳ ದುಡಿಮೆಯಿತ್ತು. ಆದುದರಿಂದ ವಿದ್ಯಾರ್ಥಿಮಿತ್ರರೇ, ಮೊದಲು ಮನವಿಟ್ಟು ದುಡಿಯಿರಿ. ಬಳಿಕ ನಿಶ್ಚಿಂತೆಯಿಂದ ವಿಶ್ರಮಿಸಿರಿ. ಲೆಕ್ಕ ಬಿಡಿಸಲಾಗದೆ ಒಂದು ಗಳಿಗೆ ಮೇಲೆದ್ದವನು ಸೋತವನಲ್ಲ; ಮರಳಿ ಬಂದು ಕುಳಿತುಕೊಳ್ಳದವನೇ ಸೋತವನು.