ವಿದೇಶದಲ್ಲಾದ ವಿವಾಹದ ನೋಂದಣಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಪರದೇಶಗಳಿಗೆ ತೆರಳಿ ಅಲ್ಲಿಯೇ ವಿವಾಹವಾದವರ ದಾಂಪತ್ಯಕ್ಕೆ ಸ್ವದೇಶದ ಕಾನೂನಿನಲ್ಲಿರುವ ಸ್ಥಾನವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಮಾನ್ಯತೆ ಬೇರೆ, ನೋಂದಣಿ ಬೇರೆ. ವಿವಾಹವು ನಡೆದ ದೇಶದ ವಿಧಿಗೆ ಅನುಗುಣವಾಗಿದ್ದು ವಧೂವರರಿಗೆ ಅರ್ಹತೆಯಿದ್ದರೆ, ಇಲ್ಲಿ ನೋಂದಣಿಯಾಗಿಲ್ಲವೆಂಬ ಒಂದೇ ಕಾರಣದಿಂದ ಅದು ಅಸಿಂಧುವಾಗದು. ನೋಂದಣಿಯು ಅದಕ್ಕೆ ದೃಢವಾದ ಸಾಕ್ಷ್ಯವನ್ನು ಒದಗಿಸುತ್ತದೆ.

ಇದಕ್ಕೆ ಎರಡು ಮಾರ್ಗಗಳುಂಟು. 1903ರ ಶಾಸನವನ್ನು ರದ್ದುಗೊಳಿಸಿ ಬಂದ 1969ರ ವಿದೇಶ ವಿವಾಹ ಅಧಿನಿಯಮದ 17ನೆಯ ಪ್ರಕರಣದಂತೆ, ದಂಪತಿಗಳಲ್ಲಿ ಒಬ್ಬರಾದರೂ ಭಾರತೀಯ ಪ್ರಜೆಯಾಗಿದ್ದರೆ, ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯ ವಿವಾಹಾಧಿಕಾರಿಯಲ್ಲಿ ನೋಂದಾಯಿಸಬಹುದು. ಊರಿಗೆ ಮರಳಿದವರಿಗೆ 1954ರ ವಿಶೇಷ ವಿವಾಹ ಅಧಿನಿಯಮದ 15ನೆಯ ಪ್ರಕರಣವಿದೆ. ಇಬ್ಬರಿಗೂ 21 ವರ್ಷ ತುಂಬಿರಬೇಕು. ಯಾರಿಗೂ ಬೇರೆ ಪತಿ ಅಥವಾ ಪತ್ನಿ ಜೀವಿಸಿರಬಾರದು. ಅರ್ಜಿಗೆ ಮುನ್ನ 30 ದಿನ ಅಧಿಕಾರಿಯ ವ್ಯಾಪ್ತಿಯಲ್ಲಿ ವಾಸವಾಗಿರಬೇಕು. ಆಕ್ಷೇಪಣೆಗೆ ಮತ್ತೆ 30 ದಿನಗಳ ಅವಧಿಯುಂಟು.

ಒಂದು ಪರಿಣಾಮವನ್ನು ಮಾತ್ರ ಮರೆಯಲಾಗದು. ಅವಿಭಕ್ತ ಕುಟುಂಬದ ಹಿಂದೂ ಸದಸ್ಯನು ಹಿಂದೂ, ಬೌದ್ಧ, ಸಿಖ್, ಜೈನ ಧರ್ಮಗಳ ಹೊರಗಿನವರನ್ನು ವರಿಸಿದ್ದರೆ, ಈ ಎರಡನೆಯ ಮಾರ್ಗದ ನೋಂದಣಿಯಿಂದ ಆತನು ಕುಟುಂಬದಿಂದ ವಿಭಕ್ತನಾಗುತ್ತಾನೆ. ಉಭಯತರೂ ಈ ನಾಲ್ಕು ಧರ್ಮಗಳವರಾದರೆ 1976ರ ತಿದ್ದುಪಡಿಯಿಂದ ಈ ನಿಯಮವು ಅನ್ವಯಿಸದು. ಗದ್ದೆ, ತೆಂಗಿನ ತೋಟಗಳನ್ನು ಒಟ್ಟಾಗಿ ಅನುಭವಿಸುತ್ತಿರುವ ಮನೆಗಳವರು ಅರ್ಜಿಗೆ ಮುನ್ನವೇ ಇದನ್ನು ಆಲೋಚಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.