ಅಣ್ಣನ ಗೊಮ್ಮಟ, ತಂಗಿಯ ಕಂಬ

ಚಾವುಂಡರಾಯನಿಗೆ ಒಬ್ಬ ತಂಗಿಯಿದ್ದಳು ಎಂದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಶ್ರವಣಬೆಳಗೊಳದ ಮೆಟ್ಟಿಲು ಎಷ್ಟು ಸಲ ಹತ್ತಿಳಿದಿದ್ದೇನೋ. ತಾಯಿ ಕಾಳಲಾದೇವಿಯ ಕಥೆ ಬಾಯಿಪಾಠ. ತಂಗಿಯ ಸುದ್ದಿಯನ್ನು ಮಾತ್ರ ಯಾವ ಗೈಡೂ ಎತ್ತಿರಲಿಲ್ಲ. ಅವಳ ನಿಸಿದಿ, ಅಂದರೆ ಸಲ್ಲೇಖನ ವ್ರತದಲ್ಲಿ ಉಪವಾಸವಿದ್ದು ಪ್ರಾಣಬಿಟ್ಟವರ ನೆನಪಿನ ಕಲ್ಲು, ವಿಜಯಮಂಗಲದಲ್ಲಿದೆ ಎಂದು ಎಲ್ಲೋ ಓದಿದ್ದೇ ನೆಪವಾಗಿ, ಕೊಯಮತ್ತೂರಿನಲ್ಲಿ ಒಂದು ದಿನಕ್ಕೆ ಕಾರು ಗೊತ್ತುಮಾಡಿದೆ.

ಸುತ್ತು ದಾರಿಯಾದರೂ ಮೊದಲು ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯ ಆಚೆಗಿರುವ ತಿರುಮೂರ್ತಿ ಬೆಟ್ಟಕ್ಕೆ ಹೋದೆವು. ತೆಂಗಿನ ತೋಟಗಳು, ಅವುಗಳ ತಲೆಯ ಮೇಲೆ ತಿರುಗುವ ಗಾಳಿಯಂತ್ರಗಳು, ಕೊನೆಗೆ ಪರಂಬಿಕುಳಂ–ಆಳಿಯಾರ್ ಯೋಜನೆಯ ಅಣೆಕಟ್ಟು. ಬೆಟ್ಟದ ಬುಡದಲ್ಲಿ, ಪಂಚಲಿಂಗ ಜಲಪಾತದ ನೀರು ಹರಿದು ಬರುವ ಹಳ್ಳದ ಪಕ್ಕ, ಒಂದು ಭಾರಿ ಬಂಡೆ. ಅದರ ಮೇಲೆ ಜಿನನ ಉಬ್ಬುಶಿಲ್ಪ. ಭಕ್ತರಿಗೆ ಅದು ತ್ರಿಮೂರ್ತಿ. ದೇವರ ಹೆಸರು ಅಮಣಲಿಂಗೇಶ್ವರ. ಗುಟ್ಟು ಬಿಟ್ಟುಕೊಡುವುದು ಆ ಹೆಸರೇ. ಸಂಸ್ಕೃತದ ಶ್ರಮಣ ನಮ್ಮ ಹಳಗನ್ನಡದಲ್ಲಿ ಸವಣನಾದ. ತಮಿಳಿನಲ್ಲಿ ಸಮಣನಾಗಿ, ಅಮಣನೂ ಆದ.

ಅಲ್ಲಿ ನನ್ನ ಫೋನಿನ ಮಾತು ಕೇಳಿಸಿಕೊಂಡು ಹತ್ತಿರ ಬಂದವರು ಒಬ್ಬ ಹಿರಿಯರು. ದೇವಾಂಗದವರು, ಮಗ್ಗ ಬಿಟ್ಟು ಬಹಳ ವರ್ಷವಾಯಿತಂತೆ. ಮನೆಮಾತು ಕನ್ನಡ, ಓದು ಬರಹವೆಲ್ಲ ತಮಿಳು. “ಜೈನ ಅಂತ ಈಗ ಹೇಳ್ತಾರೆ ಸಾರ್. ನಮಗೆ ಸ್ವಾಮಿ, ಅಷ್ಟೆ,” ಎಂದರು. ನನಗೂ ಅದಕ್ಕೆ ಎದುರು ಹೇಳಬೇಕೆನಿಸಲಿಲ್ಲ. ಪೂಜೆ ನಿಲ್ಲದೆ ನಡೆದದ್ದರಿಂದಲೇ ಆ ಬಂಡೆ ಜಲ್ಲಿಯಾಗದೆ ಉಳಿದಿರಬೇಕು.

ದಾರಿಯಲ್ಲಿ ಊತುಕುಳಿ. ಬೆಣ್ಣೆಗೆ ಹೆಸರಾದ ಊರು, ಒಂದು ಪೊಟ್ಟಣ ಕಟ್ಟಿಸಿಕೊಂಡೆ.

ವಿಜಯಮಂಗಲ ಇಂದು ಈರೋಡು ಜಿಲ್ಲೆಯಲ್ಲಿದೆ, 1979ರವರೆಗೆ ಕೊಯಮತ್ತೂರಿನದೇ. ಹೆದ್ದಾರಿಯ ಟೋಲ್‌ಗೇಟಿನಿಂದ ಊರಿನ ಹೆಸರು ಲಾರಿ ಚಾಲಕರಿಗೆಲ್ಲ ಗೊತ್ತು. ಬಸದಿಯನ್ನು ಕೇಳಬೇಕಾದರೆ ‘ನೆಟ್ಟೈ ಗೋಪುರಂ’ ಅನ್ನಬೇಕು, ಉದ್ದನೆಯ ಗೋಪುರ ಎಂದು. ಒಳಗೆ ಚಂದ್ರಪ್ರಭ ತೀರ್ಥಂಕರ, ನಮ್ಮ ಕಡೆಯವರ ಬಾಯಲ್ಲಿ ಚಂದ್ರನಾಥ.

ಇಲ್ಲಿ ಎತ್ತ ಕೆದಕಿದರೂ ಚಾವುಂಡರಾಯನ ಒಡೆಯರಾದ ಗಂಗರು ಸಿಗುತ್ತಾರೆ. ‘ಪೆರುಂಗದೈ’ ಬರೆದ ಕೊಂಗುವೇಳಿರ್ ಈ ಊರಿನವನು; ಆ ಕಾವ್ಯಕ್ಕೆ ಗಂಗರ ದೊರೆ ದುರ್ವಿನೀತನ ಸಂಸ್ಕೃತ ಬೃಹತ್ಕಥೆಯೇ ಮೂಲವೆಂದು ಹಲವು ವಿದ್ವಾಂಸರ ಮತ. ತಮಿಳು ಮಕ್ಕಳು ಇವತ್ತಿಗೂ ಕಲಿಯುವ ವ್ಯಾಕರಣ ‘ನನ್ನೂಲ್’ ರಚಿಸಿದ ಪವಣಂದಿ ಮುನಿಯದು ಹತ್ತಿರದ ಸೀನಾಪುರವೆನ್ನುತ್ತಾರೆ; ಬರೆಸಿದವನು ಕೋಲಾರದ ಒಡೆಯರ ಬಿರುದು ಹೊತ್ತ ಸೀಯಗಂಗ. ಗಡಿ ಜಗಳದ ಕಾಲದಲ್ಲಿ ಇದನ್ನು ಜೋರಾಗಿ ಹೇಳಲು ಎರಡೂ ಕಡೆಯವರಿಗೆ ಯಾಕೋ ಸಂಕೋಚ.

ತಂಗಿಯ ಕಂಬಕ್ಕೆ ಬರುತ್ತೇನೆ. ಕಲ್ಲಿನ ಮೇಲೆ ಕೆಲವೇ ಅಕ್ಷರ: ಚಾವುಂಡರಾಯನ ತಂಗಿ ಪುಲ್ಲಪ್ಪೈಯ ನಿಸಿದಿ. ಹೆಸರಿನ ಕೊನೆಯಲ್ಲಿ ನಮ್ಮ ‘ಅಬ್ಬೆ’ಯೇ ತಮಿಳು ಸೀರೆಯುಟ್ಟು ಕುಳಿತಿದ್ದಾಳೆ ಎಂದು ನನ್ನ ಗುಮಾನಿ. ಸಲ್ಲೇಖನ ಒಂದೇ ದಿನದ ಹಟವಲ್ಲ. ಮೊದಲು ಅನ್ನ ಬಿಡಬೇಕು, ಆಮೇಲೆ ಹಾಲು, ಮಜ್ಜಿಗೆ. ಕೊನೆಗೆ ಬಿಸಿನೀರು, ಅದೂ ಇಲ್ಲ. ಅಣ್ಣ 978ರಲ್ಲಿ ಪುರಾಣ ಬರೆದು ಮುಗಿಸಿದ, 981ರ ಹೊತ್ತಿಗೆ 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಅವನ ಪಾಲಿಗೆ ಬೆಟ್ಟವೇ ಬಂತು, ಇವಳಿಗೆ ಒಂದು ಕಂಬ.

ಮೊಬೈಲಿನ ಟಾರ್ಚನ್ನು ನೇರ ಹಿಡಿದರೆ ಕಲ್ಲು ಬರೀ ಬೆಳ್ಳಗೆ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ಹಿಡಿದಾಗ ಅಕ್ಷರದ ತಗ್ಗಿನಲ್ಲಿ ನೆರಳು ನಿಂತಿತು. ಬೆರಳಾಡಿಸಲು ಕೈ ಚಾಚಿ, ಬೇಡವೆಂದು ಹಿಂದೆಗೆದೆ. ಪಾರಿವಾಳಗಳು ಮೇಲೆ ಗುಟುರುಹಾಕುತ್ತಿದ್ದವು.

ಕಾವಲಿನಾತ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದ. ಗೋಪುರ ಬಿಟ್ಟು ಈ ಕಂಬವನ್ನು ಯಾಕೆ ಸುತ್ತುತ್ತಾನೆ ಎಂಬ ಅನುಮಾನ. ನನ್ನ ಹರಕು ತಮಿಳಿನಲ್ಲಿ ಹೆಣ್ಣುಮಗಳೊಬ್ಬಳ ಕಥೆ ಹೇಳಿದೆ.

“ಉಂಗ ಊರು ಪೊಣ್ಣಾ ಸಾರ್?” ಎಂದು ಕೇಳಿದ, ನಿಮ್ಮೂರ ಹೆಣ್ಣಾ ಎಂದು.

“ಆಮಾ,” ಎಂದೆ.

ಆತ ಮೂಲೆಯಲ್ಲಿದ್ದ ಪೊರಕೆ ತಂದು, ಕಂಬದ ಬುಡದ ಹಿಕ್ಕೆಯನ್ನು ಗುಡಿಸತೊಡಗಿದ.